ಚಂಡಮಾರುತದ ಪಾಠನಿರ್ಣಯ

ಅಮೆರಿಕದ ‘ಜಿಯೊಫಿಸಿಕಲ್ ರಿಸರ್ಚ್ ಲೆಟರ್ಸ್’ ಎಂಬ ಪತ್ರಿಕೆಯಲ್ಲಿ ೨೦೧೧ನೆಯ ಇಸವಿಯಲ್ಲಿ ಫೂಚಿಂಗ್ ಜಾಂಗ್, ಯೊಂಗ್‌ಹುಯಿ ವೆಂಗ್, ಜಾನ್ ಗಮಾಷ್, ಫ್ರಾಂಕ್ ಮಾರ್ಕ್ಸ್ ಎಂಬ ನಾಲ್ವರು ವಿದ್ವಾಂಸರು ಕೂಡಿ ಬರೆದ ಕಿರುಪ್ರಬಂಧವೊಂದು ಪ್ರಕಟವಾಯಿತು. ಚಂಡಮಾರುತದ ಒಡಲನ್ನು ಹೊಕ್ಕ ವಿಮಾನಗಳು ತಮ್ಮ ಬಾಲದಲ್ಲಿರುವ ಡಾಪ್ಲರ್ ರೇಡಾರಿನಿಂದ ಸಂಗ್ರಹಿಸಿದ ವೀಕ್ಷಣೆಗಳನ್ನು ಗಣಕಯಂತ್ರದ ಮಾದರಿಯೊಳಗೆ ಸೇರಿಸಿಕೊಂಡು ಮುನ್ಸೂಚನೆಯನ್ನು ಮಾಡಿದರೆ, ಒಂದು ದಿನದಿಂದ ಐದು ದಿನಗಳ ವರೆಗಿನ ಅವಧಿಯಲ್ಲಿ ಮಾರುತದ ಉಗ್ರತೆಯನ್ನು ಹೇಳುವಾಗ ಆಗುವ ತಪ್ಪು, ಆ ದೇಶದ ರಾಷ್ಟ್ರೀಯ ಚಂಡಮಾರುತ ಕೇಂದ್ರದವರ ಅಧಿಕೃತ ಮುನ್ಸೂಚನೆಯ ತಪ್ಪಿಗಿಂತ ನೂರಕ್ಕೆ ೨೦ರಿಂದ ೪೦ರಷ್ಟು ಕಡಮೆಯಾಗುವುದೆಂಬುದು ಅದರ ಮುಖ್ಯ ಪ್ರತಿಜ್ಞೆ. ಇದಕ್ಕೆ ಅವರು ಕೊಟ್ಟಿರುವ ಆಧಾರ, ೨೦೦೮ರಿಂದ ೨೦೧೦ರ ವರೆಗೆ ಅಟ್ಲಾಂಟಿಕ್ ಸಾಗರದಲ್ಲಿ ನಡೆದ ೬೧ ವಿಮಾನಯಾನಗಳು. ಈ ಪ್ರತಿಜ್ಞೆಯಲ್ಲಿ ಎಷ್ಟು ಭಾಗ ಸಿದ್ಧವಾಗಿದೆ, ಎಷ್ಟು ಭಾಗ ಇನ್ನೂ ಸಾಧ್ಯಕೋಟಿಯಲ್ಲಿದೆ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಸಾಹಿತ್ಯಾಭ್ಯಾಸಿಗಳ ಪತ್ರಿಕೆಯಲ್ಲಿ ಗಾಳಿಯ ಮಾತೇಕೆಂದು ಕೆಲವರು ಕೇಳಬಹುದು. ಪ್ರಬಂಧವನ್ನು ಓದಿದಾಗ ನಮಗೆ ತೋರಿದುದು ಇದು: ಅದರ ಕರ್ತರು ಮಾಡುವ ಕೆಲಸ ನಮ್ಮ ಗ್ರಂಥಸಂಪಾದಕರ ಕೆಲಸಕ್ಕೆ ಬಹಳ ಹತ್ತಿರವಾದುದು. ಕೈಯಲ್ಲಿರುವುದು ತ್ರುಟಿತವಾದ ಪ್ರತಿಗಳು. ಒಂದೊಂದು ಪ್ರತಿಗೂ ತನ್ನದೇ ದೋಷವುಂಟು. ಅವುಗಳಿಂದ ಒಂದು ಮೂಲಪಾಠವನ್ನು ನಿಶ್ಚಯಿಸಬೇಕಾಗಿದೆ. ಆದಕಾರಣ ಸಂಪಾದಕನನ್ನು ನಾವು ಕೇಳುವ ಪ್ರಶ್ನೆಗಳನ್ನೇ ಇವರನ್ನೂ ಕೇಳುವುದು ಅನುಚಿತವಾಗಲಾರದು. ಒಂದು ಭೇದವನ್ನು ಮಾತ್ರ ಮೊದಲೇ ಹೇಳಿಬಿಡಬೇಕು. ನಮ್ಮ ಕವಿ ಬರೆದು ಮುಗಿಸಿ ಶತಮಾನಗಳಾಗಿವೆ. ಸಂಪಾದಕನು ಹತ್ತು ವರ್ಷ ತಡಮಾಡಿದರೂ ಕಾವ್ಯ ಕೆಡುವುದಿಲ್ಲ. ಇಲ್ಲಿಯ ಮೂಲವಾದರೋ ಓದುತ್ತಿರುವಾಗಲೇ ಬದಲಾಗುತ್ತ ಹೋಗುವಂಥದು, ಮತ್ತು ಆರು ಗಂಟೆ ತಡವಾದ ಪಾಠದಿಂದ ತೀರದ ಜನರಿಗೆ ಪ್ರಯೋಜನವಿಲ್ಲ.

ಹೆಸರಿನ ವಿಷಯವಾಗಿ ಒಂದು ಮಾತು. ಅಟ್ಲಾಂಟಿಕ್ ಸಾಗರದವರು ‘ಹರಿಕೇನ್’ ಎನ್ನುವುದನ್ನೂ ನಮ್ಮ ಬಂಗಾಳ ಕೊಲ್ಲಿಯಲ್ಲಿ ‘ಸೈಕ್ಲೋನ್’ ಎನ್ನುವುದನ್ನೂ ಕನ್ನಡದಲ್ಲಿ ಚಂಡಮಾರುತವೆಂದೇ ಕರೆಯುತ್ತೇವೆ. ವಸ್ತುತಃ ಎರಡೂ ಒಂದೇ. ಮೊದಲನೆಯದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಬಂದುದು. ಎರಡನೆಯದನ್ನು ೧೯ನೆಯ ಶತಮಾನದ ನಡುವೆ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತನು ಗ್ರೀಕ್ ಭಾಷೆಯಿಂದ ರಚಿಸಿದನು.

ಚಂಡಮಾರುತದ ವಿಷಯದಲ್ಲಿ ಮುಂದಾಗಿ ಹೇಳಬೇಕಾದುದು ಎರಡು: ಅದು ಎಲ್ಲಿಗೆ ಹೋಗುವುದು, ಎಷ್ಟು ಬಲವಾಗುವುದು. ಪಥವನ್ನು ನಿಶ್ಚಯಿಸುವುದು ಸಾವಿರಾರು ಮೈಲಿಗಳಷ್ಟು ವಿಸ್ತಾರವಾಗಿ ಸುತ್ತಲೂ ಹರಿಯುವ ವಾಯುಪ್ರವಾಹ. ನದಿಯಲ್ಲಿ ಸುಳಿ ಹೇಗೆ ತೇಲಿಕೊಂಡು ಹೋಗುವುದೋ ಹಾಗೆ ಮಾರುತವೂ ಆ ಪ್ರವಾಹದಲ್ಲಿ ಸಾಗುವುದು. ಈ ದೊಡ್ಡ ಪ್ರವಾಹವನ್ನು ಕೃತಕ ಉಪಗ್ರಹಗಳೂ ಬೆಲೂನುಗಳೂ ಚೆನ್ನಾಗಿ ಅಳೆಯುವುವು. ಅದರಿಂದ ೧೯೯೦ರಿಂದ ೨೦೧೦ರ ವರೆಗಿನ ಎರಡು ದಶಕಗಳಲ್ಲಿ ಪಥದ ಮುನ್ಸೂಚನೆಯ ತಪ್ಪು ಸುಮಾರು ಅರ್ಧಕ್ಕೆ ಇಳಿಯಿತು. ಅದೇ ಇಪ್ಪತ್ತು ವರ್ಷಗಳಲ್ಲಿ ಉಗ್ರತೆಯ ಮುನ್ಸೂಚನೆ ಹೆಚ್ಚುಕಡಮೆ ಇದ್ದಲ್ಲಿಯೇ ಇದ್ದಿತು. ಉಗ್ರತೆ ಹುಟ್ಟುವುದು ಕಣ್ಣಿನ ಸುತ್ತಲಿನ ಕೆಲವೇ ಹತ್ತು ಕಿಲೋಮೀಟರುಗಳ ಮೇಘಭಿತ್ತಿಯಲ್ಲಿ. ಉಪಗ್ರಹಕ್ಕೆ ಮೋಡದ ಮೇಲ್ಚಾವಣಿ ಕಾಣುವುದೇ ಹೊರತು ಆ ಭಿತ್ತಿಯೊಳಗಿನ ಗಾಳಿಯ ಚಲನೆ ನೇರವಾಗಿ ಕಾಣುವುದಿಲ್ಲ. ಒಳಗೆ ಹೋಗಿ ನೋಡಬೇಕು.

ಒಳಗೆ ಹೋದವರ ಕಥೆ ಟೆಕ್ಸಾಸ್ ಪ್ರಾಂತದ ಗಾಲ್ವೆಸ್ಟನ್ ತೀರದೊಡನೆ ವಿಚಿತ್ರವಾಗಿ ಹೆಣೆದುಕೊಂಡಿದೆ. ೧೯೦೦ನೆಯ ಇಸವಿ ಸೆಪ್ಟೆಂಬರ್ ೮ರಂದು ಆ ಊರಿನಲ್ಲಿ ಸಾವಿರಾರು ಜನ, ಬಹುಮಂದಿಯ ಎಣಿಕೆಯಲ್ಲಿ ಎಂಟು ಸಾವಿರದಷ್ಟು, ಸಮುದ್ರದ ಪಾಲಾದರು. ಮಾರುತ ಮೆಕ್ಸಿಕೊ ಕೊಲ್ಲಿಯ ಕಡೆಗೆ ಹೋಗುತ್ತಿದೆಯೆಂದು ಕ್ಯೂಬಾದ ವೀಕ್ಷಕರು ಎಣಿಸಿದ್ದರು. ಅಮೆರಿಕದ ಹವಾಖಾತೆಯವರು ಅದು ಉತ್ತರಕ್ಕೆ ತಿರುಗುವುದೆಂದೇ ನಂಬಿದ್ದರು. ೧೯೪೩ರ ಜುಲೈ ತಿಂಗಳಲ್ಲಿ ಅದೇ ತೀರಕ್ಕೆ ಇನ್ನೊಂದು ಮಾರುತ ಬಂದಿತು. ಆಗ ಯುದ್ಧಕಾಲ, ಹಡಗುಗಳು ರೇಡಿಯೊ ಮೌನವನ್ನು ಪಾಲಿಸುತ್ತಿದ್ದುದರಿಂದ ಸಮುದ್ರದಿಂದ ವರ್ತಮಾನವೇ ಇರಲಿಲ್ಲ. ಜುಲೈ ೨೭ರಂದು ಜೋಸೆಫ್ ಡಕ್‌ವರ್ತ್ ಎಂಬ ಸೇನಾ ವಿಮಾನಶಿಕ್ಷಕನು ಒಂದೇ ಎಂಜಿನ್ನಿನ ತರಬೇತಿ ವಿಮಾನದಲ್ಲಿ ಅದರ ಕಣ್ಣಿನೊಳಕ್ಕೆ ಹಾರಿ ಹಿಂದಿರುಗಿದನು. ಬುದ್ಧಿಪೂರ್ವಕವಾಗಿ ಚಂಡಮಾರುತವನ್ನು ವಿಮಾನದಲ್ಲಿ ಹೊಕ್ಕ ಮೊದಲ ಪ್ರಸಂಗವೆಂದು ಇದನ್ನು ಎಣಿಸುವರು. ಅರವತ್ತೈದು ವರ್ಷಗಳ ಮೇಲೆ, ೨೦೦೮ರ ಸೆಪ್ಟೆಂಬರಿನಲ್ಲಿ, ಅದೇ ಗಾಲ್ವೆಸ್ಟನ್ನಿಗೆ ‘ಐಕ್’ ಬಂದಿತು. ವಿಮಾನದ ಡಾಪ್ಲರ್ ವೀಕ್ಷಣೆಗಳನ್ನು ಮಾರುತ ಇನ್ನೂ ನಡೆಯುತ್ತಿರುವಾಗಲೇ ಗಣಿತಮಾದರಿಗೆ ಊಡಿಸಿದ ಮೊದಲ ಪ್ರಯೋಗ ಅದೇ ಎಂದು ನಮ್ಮ ಪ್ರಬಂಧಕರ್ತರು ಹೇಳಿರುವರು.

ಈಗ ಆ ರೇಡಾರು ನಿಜವಾಗಿ ಏನನ್ನು ನೋಡುವುದೆಂಬುದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ವಾದದ ಬೇರು ಇಲ್ಲಿದೆ. ಲೋಕವ್ಯವಹಾರದಲ್ಲಿ ‘ರೇಡಾರು ಗಾಳಿಯನ್ನು ಅಳೆಯಿತು’ ಎನ್ನುತ್ತಾರೆ. ಅದು ಸರಿಯಲ್ಲ. ಸುಮಾರು ಮೂರು ಸೆಂಟಿಮೀಟರ್ ಉದ್ದದ ಅಲೆಯನ್ನು ಅದು ಹೊರಕ್ಕೆ ಎಸೆಯುವುದು. ಅಲೆ ಮಳೆಹನಿಗಳಿಗೆ ತಾಕಿ ಹಿಂದಿರುಗುವುದು. ಹನಿ ಸಮೀಪಿಸುತ್ತಿದ್ದರೆ ಹಿಂದಿರುಗಿದ ಅಲೆಯ ಆವರ್ತನ ಏರುವುದು, ದೂರವಾಗುತ್ತಿದ್ದರೆ ಇಳಿಯುವುದು. ೧೮೪೨ರಲ್ಲಿ ಡಾಪ್ಲರನು ಹೇಳಿದ ತತ್ತ್ವವಿದು. ಹೀಗೆ ತಿಳಿದುಬರುವುದು ಗಾಳಿಯಲ್ಲ, ಹನಿಯ ವೇಗ. ಅದೂ ಪೂರ್ತಿ ವೇಗವಲ್ಲ, ರೇಡಾರು ನೋಡುವ ಗೆರೆಯ ಮೇಲೆ ಬೀಳುವ ಒಂದು ಅಂಶ ಮಾತ್ರ. ಗೆರೆಗೆ ಅಡ್ಡವಾಗಿ ಎಷ್ಟೇ ರಭಸದಿಂದ ಬೀಸಿದರೂ ಆ ದೃಷ್ಟಿಗೆ ಅದು ನಿಶ್ಚಲ. ಈ ಕೊರತೆಯನ್ನು ನೀಗಲು ಒಂದು ಜಾಣ ಉಪಾಯವನ್ನು ಮಾಡಿರುವರು. ಬಾಲದ ಆಂಟೆನಾ ವಿಮಾನದ ಉದ್ದವನ್ನೇ ಅಚ್ಚಾಗಿ ಮಾಡಿಕೊಂಡು ಗಾಣದಂತೆ ತಿರುಗುತ್ತ, ಒಮ್ಮೆ ಸುಮಾರು ಇಪ್ಪತ್ತು ಡಿಗ್ರಿ ಮುಂದಕ್ಕೂ ಒಮ್ಮೆ ಅಷ್ಟೇ ಹಿಂದಕ್ಕೂ ಓರೆಯಾಗಿ ನೋಡುವುದು. ವಿಮಾನ ಮುಂದೆ ಸಾಗಿದಂತೆ ಒಂದೇ ಎಡೆಯನ್ನು ಎರಡು ಕೋನಗಳಿಂದ ಕಂಡಂತಾಗುವುದು. ಎರಡು ಸಾಕ್ಷಿಗಳಿಂದ ಅಡ್ಡಗಾಳಿಯ ಎರಡು ಅಂಶಗಳು ದೊರೆಯುವುವು. ಮೇಲಕ್ಕೂ ಕೆಳಕ್ಕೂ ಚಲಿಸುವ ಮೂರನೆಯ ಅಂಶವನ್ನು, ಒಂದೆಡೆ ಕೂಡಿದ ಗಾಳಿ ಎಲ್ಲಿಯಾದರೂ ಹೊರಬೀಳಲೇಬೇಕೆಂಬ ನಿಯಮದಿಂದ ಊಹಿಸಬೇಕು. ಈ ಯಂತ್ರವನ್ನು ೧೯೮೨ರಲ್ಲಿ ‘ಡೆಬಿ’ ಎಂಬ ಮಾರುತದಲ್ಲಿ ಪ್ರಯೋಗಿಸಿ ೧೯೮೪ರಲ್ಲಿ ಫಲವನ್ನು ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ಈ ಫ್ರಾಂಕ್ ಮಾರ್ಕ್ಸ್ ಅವರೇ.

ಮಳೆಯಿಲ್ಲದ ಕಡೆ ಈ ಕಣ್ಣು ಕುರುಡು. ಮಾರುತದ ಕಣ್ಣಿನೊಳಗಿನ ತಿಳಿಯಾದ ಗಾಳಿಯಿಂದಲೂ ಮಳೆಪಟ್ಟಿಗಳ ನಡುವಣ ಒಣ ತೆರಪುಗಳಿಂದಲೂ ಉತ್ತರವೇ ಬರುವುದಿಲ್ಲ. ಸಮುದ್ರದ ಮೇಲ್ಮೈಯ ಬಳಿ ತೆರೆಗಳ ಪ್ರತಿಧ್ವನಿ ಹನಿಗಳ ಪ್ರತಿಧ್ವನಿಯನ್ನು ಮುಳುಗಿಸುವುದು. ಮನುಷ್ಯರ ಮನೆಮಾರುಗಳನ್ನು ಕೆಡಹುವ ಗಾಳಿಯಾದರೋ ಬೀಸುವುದು ಅಲ್ಲಿಯೇ. ಬಹು ಜೋರಾದ ಮಳೆಯ ಆಚೆಗೆ ಅಲೆ ಸೊರಗಿಹೋಗುವುದು. ವೇಗ ಒಂದು ಮಿತಿಯನ್ನು ದಾಟಿದರೆ ಮಡಿಸಿಕೊಂಡು ಬೇರೊಂದು ವೇಗದಂತೆ ತೋರುವುದು. ಈ ದೋಷಗಳನ್ನೆಲ್ಲ ಹಾರುತ್ತಿರುವ ವಿಮಾನದಲ್ಲಿಯೇ, ಮನುಷ್ಯನ ಕೈಯಿಲ್ಲದೆ, ಸೋಸುವ ಕ್ರಮವನ್ನು ಏರ್ಪಡಿಸಿದುದು ಗಮಾಷ್ ಅವರ ವಿಶೇಷ. ಪ್ರಬಂಧದಲ್ಲಿ ಇದಕ್ಕೆ ದೊರೆತಿರುವ ಸ್ಥಳ ಅಲ್ಪ. ನಮ್ಮ ಮತದಲ್ಲಿ ಉಳಿದುದೆಲ್ಲ ನಿಂತಿರುವುದು ಇದರ ಮೇಲೆಯೇ. ಲಿಪಿಕಾರನ ಕೈತಪ್ಪನ್ನು ಗುರುತಿಸಲಾರದವನು ಪಾಠಾಂತರವನ್ನು ತೂಗಲಾರನು.

ವೀಕ್ಷಣೆಯನ್ನು ಮಾದರಿಯೊಳಕ್ಕೆ ತರುವ ಮಾರ್ಗವೂ ವಿಚಾರಾರ್ಹವಾದುದು. ಮೊದಲು ಗಣಕಯಂತ್ರವು ಹಿಂದಿನ ಸ್ಥಿತಿಯಿಂದ ಹೊರಟು, ಅಲ್ಪಸ್ವಲ್ಪ ಭಿನ್ನವಾದ ಹಲವು ಮುನ್ಸೂಚನೆಗಳ ಒಂದು ಸಮೂಹವನ್ನು ಸಿದ್ಧಪಡಿಸುವುದು. ಅವೆಲ್ಲ ಒಂದೇ ಮಾರುತದ ಬೇರೆ ಬೇರೆ ಕಲ್ಪಿತ ಪಾಠಗಳು. ಅವು ಪರಸ್ಪರ ಎಲ್ಲಿ ಹೆಚ್ಚಾಗಿ ಭೇದಿಸುವುವೋ ಅಲ್ಲಿ ಮಾದರಿಗೆ ನಿಶ್ಚಯವಿಲ್ಲವೆಂದರ್ಥ. ಅಲ್ಲಿ ರೇಡಾರಿನ ಮಾತಿಗೆ ಹೆಚ್ಚು ಬೆಲೆ. ಎಲ್ಲಿ ಒಮ್ಮತವಾಗಿರುವುವೋ ಅಲ್ಲಿ ರೇಡಾರಿಗೆ ಕಡಮೆ ಬೆಲೆ. ೧೯೬೦ರಲ್ಲಿ ರುಡಾಲ್ಫ್ ಕಾಲ್ಮನ್ ಕೊಟ್ಟ ಸೂತ್ರವನ್ನು ೧೯೯೪ರಲ್ಲಿ ಗೈರ್ ಎವೆನ್ಸೆನ್ ಇಂಥ ಸಮೂಹಕ್ಕೆ ಅನ್ವಯಿಸಿದನು. ಇದರ ಚಮತ್ಕಾರವಿರುವುದು ಇನ್ನೊಂದು ಕಡೆ. ರೇಡಾರು ನೋಡಿದುದು ಹನಿಯ ವೇಗವನ್ನು ಮಾತ್ರ. ಆದರೆ ತಿದ್ದುಪಡಿಯಾಗುವುದು ಒತ್ತಡಕ್ಕೆ, ಉಷ್ಣತೆಗೆ, ತೇವಕ್ಕೆ ಸಹ. ಇಲ್ಲಿಯ ಗಾಳಿ ಬಲವಾಗಿರುವ ಪಾಠಗಳಲ್ಲೆಲ್ಲ ಕೇಂದ್ರದ ಒತ್ತಡ ಕುಗ್ಗಿರುವುದನ್ನು ಸಮೂಹವೇ ತೋರಿಸಿಕೊಡುವುದರಿಂದ, ಗಾಳಿಯನ್ನು ಕಂಡು ಕಾಣದ ಒತ್ತಡವನ್ನು ತಿದ್ದಬಹುದು. ನಮ್ಮಲ್ಲಿ ಪದ್ಯದ ಮೂರು ಪಾದಗಳ ಎರಡನೆಯ ಅಕ್ಷರವನ್ನು ನೋಡಿ, ಗೆದ್ದಲು ತಿಂದ ನಾಲ್ಕನೆಯ ಪಾದದ ಪ್ರಾಸಾಕ್ಷರವನ್ನು ತುಂಬುವುದಿಲ್ಲವೆ? ಕ್ರಮ ಅದೇ, ಅಪಾಯವೂ ಅದೇ. ಸಮೂಹ ಚಿಕ್ಕದಾದರೆ ದೂರದೂರದ ಎರಡು ಸಂಗತಿಗಳಿಗೆ ಇಲ್ಲದ ನಂಟು ಕಂಡುಬಂದು ತಿದ್ದುಪಡಿಯೇ ತಪ್ಪಾಗುವುದು. ಆದಕಾರಣ ಒಂದು ವೀಕ್ಷಣೆಯ ಪ್ರಭಾವವನ್ನು ಅದರ ಸುತ್ತಲಿನ ಇಂತಿಷ್ಟು ದೂರಕ್ಕೆ ಕಟ್ಟಿಹಾಕುವರು. ಆ ದೂರವನ್ನು ಗೊತ್ತುಮಾಡುವುದರಲ್ಲಿ ಗಣಿತದಷ್ಟೇ ವಿವೇಚಕನ ಅಭಿರುಚಿಯೂ ಸೇರಿರುವುದನ್ನು ಮರೆಯಕೂಡದು.

ಇವರು ಮಾಡಿರುವ ಎರಡು ಆಯ್ಕೆಗಳು ನಿಸ್ಸಂಶಯವಾಗಿ ಮೆಚ್ಚತಕ್ಕವು. ಎರಡು ಕೋನಗಳಿಂದ ಕೂಡಿಸಿ ಕಟ್ಟಿದ ಗಾಳಿಯ ಚಿತ್ರವನ್ನು ತೆಗೆದುಕೊಳ್ಳದೆ, ಗೆರೆಯ ಮೇಲಿನ ವೇಗವನ್ನೇ ನೇರವಾಗಿ ಬಳಸಿಕೊಂಡಿರುವರು. ಎಂದರೆ ಇನ್ನೊಬ್ಬರು ಪರಿಷ್ಕರಿಸಿದ ಪಾಠವನ್ನು ಬಿಟ್ಟು ಓಲೆಯ ಅಕ್ಷರಕ್ಕೇ ಹೋಗಿರುವರು. ಎರಡನೆಯದಾಗಿ, ಒಂದು ಯಾನದಲ್ಲಿ ಬಂದು ಬೀಳುವ ಅಸಂಖ್ಯಾತ ಬಿಂದುಗಳನ್ನು ಹಾಗೆಯೇ ಊಡಿಸದೆ, ನೆರೆಯವನ್ನು ಒಟ್ಟುಗೂಡಿಸಿ ಸರಾಸರಿ ಮಾಡಿ ಕಡಮೆ ಸಂಖ್ಯೆಯ ದೃಢವಾದ ವೀಕ್ಷಣೆಗಳನ್ನಾಗಿ ಮಾಡಿರುವರು. ಒಂದೇ ಮಾತೃಕೆಯಿಂದ ನಕಲಾದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಾಗಲಾರವೆಂಬ ಸಂಪಾದನಶಾಸ್ತ್ರದ ಮೊದಲ ಪಾಠವನ್ನು ಇವರು ಬಲ್ಲರು.

ಬಲ್ಲವರೇ ಫಲವನ್ನು ಲೆಕ್ಕಹಾಕುವಾಗ ಆ ಪಾಠವನ್ನು ಮರೆತಂತೆ ತೋರುವುದು ನಮ್ಮ ಮೊದಲ ಆಕ್ಷೇಪ. ೬೧ ಯಾನಗಳೆಂದರೆ ೬೧ ಮಾರುತಗಳಲ್ಲ. ಒಂದೇ ಮಾರುತಕ್ಕೆ ಹನ್ನೆರಡು ಗಂಟೆಗೊಂದರಂತೆ ಹಲವು ಬಾರಿ ವಿಮಾನ ಹೋಗುವ ಪದ್ಧತಿಯುಂಟು. ಹೀಗೆ ಬೆನ್ನುಬೆನ್ನಿಗೆ ಮಾಡಿದ ಮುನ್ಸೂಚನೆಗಳು ಒಟ್ಟಿಗೇ ಗೆಲ್ಲುವುವು, ಒಟ್ಟಿಗೇ ಸೋಲುವುವು. ಮೂರು ಋತುಗಳಲ್ಲಿ ವಿಮಾನ ಹೊಕ್ಕ ಮಾರುತಗಳ ಸಂಖ್ಯೆ ಇದಕ್ಕಿಂತ ಬಹಳ ಕಡಮೆ. ನೂರಕ್ಕೆ ಇಪ್ಪತ್ತು ನಲವತ್ತು ಎಂಬ ಅಂಕೆಯ ತೂಕವನ್ನು ಆ ಸಂಖ್ಯೆಯಿಂದ ಅಳೆಯಬೇಕೇ ಹೊರತು ಯಾನಗಳ ಸಂಖ್ಯೆಯಿಂದಲ್ಲ.

ಮುಂದಿನ ಆಕ್ಷೇಪ ಹೋಲಿಕೆಯನ್ನು ಕುರಿತದ್ದು, ನಮಗೆ ಹೆಚ್ಚು ಮುಖ್ಯವಾಗಿ ತೋರುವಂಥದು. ಚಂಡಮಾರುತ ಕೇಂದ್ರದ ಅಧಿಕಾರಿ ಆರು ಗಂಟೆಗೊಮ್ಮೆ, ಗಡಿಯಾರ ಹೊಡೆದೊಡನೆ, ಆಗ ತನ್ನ ಮೇಜಿನ ಮೇಲಿರುವ ಆಧಾರಗಳಿಂದ ತೀರ್ಪನ್ನು ಕೊಡಲೇಬೇಕು. ಅವನ ಮಾತಿನ ಮೇಲೆ ಊರುಗಳು ಖಾಲಿಯಾಗುವುವು. ಗಣಿತಮಾದರಿಗಾದರೋ ವಿಮಾನದ ವೀಕ್ಷಣೆ ಬರಬೇಕು, ಅದು ಸೋಸಿಕೊಳ್ಳಬೇಕು, ಸಮೂಹವನ್ನು ತಿದ್ದಬೇಕು, ಆಮೇಲೆ ಐದು ದಿನಗಳ ಲೆಕ್ಕವನ್ನು ಓಡಿಸಬೇಕು. ಅದರ ಉತ್ತರ ಕೈಗೆ ಬರುವ ವೇಳೆಗೆ ಅಧಿಕಾರಿ ಮಾತಾಡಿ ಗಂಟೆಗಳು ಕಳೆದಿರುವುವು. ‘ಸರಿಸುಮಾರು ಅದೇ ಹೊತ್ತಿಗೆ’ ಹೊರಟ ಮುನ್ಸೂಚನೆಗಳೊಡನೆ ಹೋಲಿಸಿದೆವೆಂದು ಪ್ರಬಂಧ ಹೇಳುವುದು ನಿಜ. ಹೊರಟ ಹೊತ್ತು ಒಂದಾದರೂ ದೊರೆತ ಹೊತ್ತು ಒಂದಲ್ಲ. ಐಕ್ ಮಾರುತದಿಂದ ಮೊದಲಾಗಿ ಲೆಕ್ಕ ಮಾರುತದೊಡನೆಯೇ ನಡೆಯಿತೆಂಬುದಕ್ಕೂ, ಅದಕ್ಕಾಗಿ ೨೩,೦೦೦ಕ್ಕೂ ಮೀರಿದ ಗಣಕ ಸಂಸ್ಕಾರಕಗಳನ್ನು ಏಕಕಾಲದಲ್ಲಿ ದುಡಿಸಬೇಕಾಯಿತೆಂಬುದಕ್ಕೂ ಕರ್ತರು ಹೆಮ್ಮೆಪಡುತ್ತಾರೆ. ಹೆಮ್ಮೆಗೆ ಕಾರಣವುಂಟು. ಆದರೆ ಅಷ್ಟು ಬಲ ದಿನನಿತ್ಯದ ಕಚೇರಿಗೆ ಆಗ ಎಲ್ಲಿತ್ತು? ಅರಮನೆಯ ಭಂಡಾರದಿಂದ ನಡೆಸಿದ ಯಜ್ಞವನ್ನು ಗೃಹಸ್ಥನ ನಿತ್ಯಾಗ್ನಿಯ ಪಕ್ಕದಲ್ಲಿಟ್ಟು ತೂಗಿದಂತಾಯಿತು.

ಇಷ್ಟನ್ನು ಹೇಳಿದ ಮೇಲೂ ಪ್ರಬಂಧದ ತಿರುಳು ಉಳಿದುಕೊಳ್ಳುವುದೆಂಬುದು ನಮ್ಮ ಅಭಿಪ್ರಾಯ. ಅದನ್ನು ಕಾಲವೇ ಪರೀಕ್ಷಿಸಿತು. ೨೦೧೩ರಿಂದ ಅಮೆರಿಕದ ಸರಕಾರಿ ಚಂಡಮಾರುತ ಮಾದರಿಯಾದ ‘ಎಚ್‌ಡಬ್ಲ್ಯುಆರ್‌ಎಫ್’ ಬಾಲದ ರೇಡಾರಿನ ವೀಕ್ಷಣೆಗಳನ್ನು ನಿಯತವಾಗಿ ತೆಗೆದುಕೊಳ್ಳತೊಡಗಿತು. ಉಗ್ರತೆಯ ಮುನ್ಸೂಚನೆ ಆ ದಶಕದಲ್ಲಿ ಸುಧಾರಿಸಿತು. ಇಲ್ಲಿಯೂ ಎಚ್ಚರ ಬೇಕು: ಅದೇ ಮಾದರಿಯ ಜಾಲದ ಕಣ್ಣು ೨೦೧೨ರಲ್ಲಿ ಮೂರು ಕಿಲೋಮೀಟರಿಗೆ ಕಿರಿದಾಗಿತ್ತು, ಸಮುದ್ರದಿಂದ ಗಾಳಿಗೆ ಶಾಖ ಏರುವ ಲೆಕ್ಕವೂ ತಿದ್ದುಪಡಿಯಾಗುತ್ತ ಬಂದಿತು. ಸುಧಾರಣೆಯ ಯಶಸ್ಸನ್ನೆಲ್ಲ ರೇಡಾರಿಗೆ ಕಟ್ಟುವುದು ಅನ್ಯಾಯ.

ನಿತ್ಯದ ಬಳಕೆಯಲ್ಲಿ ಹೊರಬಿದ್ದ ಸಂಗತಿಯೊಂದು ಪ್ರಬಂಧಕರ್ತರ ಆಶೆಯನ್ನು ಮಿತಗೊಳಿಸುವಂಥದು. ಬಹು ಬಲವಾದ ಮಾರುತಗಳಲ್ಲಿ, ರೇಡಾರು ತೋರಿಸಿದಷ್ಟು ಬಲವನ್ನು ಮಾದರಿಗೆ ಕೊಟ್ಟು ಬಿಟ್ಟರೆ, ಲೆಕ್ಕ ಹೊರಟ ಮೊದಲ ಕೆಲವು ಗಂಟೆಗಳಲ್ಲಿಯೇ ಸುಳಿ ಸಡಿಲಿ ಕುಸಿಯುವುದು. ಕೊಟ್ಟ ಗಾಳಿಗೂ ಊಹಿಸಿದ ಒತ್ತಡ ತೇವಗಳಿಗೂ ಸಾಮರಸ್ಯವಿಲ್ಲದಿರುವುದು ಒಂದು ಕಾರಣ. ಅಂಥ ಬಿಗಿಯಾದ ಸುಳಿಯನ್ನು ಧರಿಸುವ ಶಕ್ತಿ ಮಾದರಿಗೇ ಇಲ್ಲದಿರುವುದು ಇನ್ನೊಂದು. ೧೯೨೨ರಲ್ಲಿ ಲೂಯಿ ಫ್ರೈ ರಿಚರ್ಡ್‌ಸನ್ ಪ್ರಕಟಿಸಿದ ಮೊದಲ ಗಣಿತಮುನ್ಸೂಚನೆ ನೆನಪಾಗುತ್ತದೆ. ೧೯೧೦ರ ಮೇ ೨೦ರ ವೀಕ್ಷಣೆಗಳಿಂದ ಹೊರಟ ಅವನ ಲೆಕ್ಕದಲ್ಲಿ ಆರು ಗಂಟೆಗಳಿಗೆ ೧೪೫ ಮಿಲಿಬಾರ್ ಒತ್ತಡ ಏರಿತ್ತು. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಸ್ಥಿರವಾಗಿಯೇ ಇತ್ತು. ಸೂತ್ರಗಳು ಸರಿಯಾಗಿದ್ದುವು, ಕೊಟ್ಟ ಗಾಳಿಗೂ ಒತ್ತಡಕ್ಕೂ ಹೊಂದಿಕೆಯಿರಲಿಲ್ಲ. ನೂರು ವರ್ಷಗಳಾದರೂ ತೊಡಕು ಅದೇ ಜಾತಿಯದು. ಹಳಗನ್ನಡದ ಶುದ್ಧಪಾಠವನ್ನು ಕೈಗೆ ಕೊಟ್ಟರೆ ನಡುಗನ್ನಡದ ಲಿಪಿಕಾರನು ನಾಲ್ಕು ಪದ್ಯ ಬರೆಯುವಷ್ಟರಲ್ಲಿ ತನ್ನ ರೂಪಗಳಿಗೆ ಜಾರುವಂತೆ, ಮಾದರಿಯೂ ಕೊಟ್ಟ ಪಾಠವನ್ನು ಬಿಟ್ಟು ತನ್ನ ರೂಢಿಗೆ ಜಾರುವುದು. ಪಾಠವನ್ನು ಇನ್ನಷ್ಟು ಶುದ್ಧಗೊಳಿಸುವುದರಿಂದ ಈ ದೋಷ ಹೋಗದು. ಲಿಪಿಕಾರನನ್ನು ಶಿಕ್ಷಿತನನ್ನಾಗಿ ಮಾಡಬೇಕು. ೨೦೧೯ರಲ್ಲಿ ದಿವಂಗತರಾದ ಜಾಂಗ್ ಅವರು ವೀಕ್ಷಣೆಯ ಪಕ್ಷವನ್ನು ಹಿಡಿದಷ್ಟು ಬಲವಾಗಿ ಮಾದರಿಯ ಪಕ್ಷವನ್ನು ಈ ಪ್ರಬಂಧದಲ್ಲಿ ವಿಚಾರಿಸಿಲ್ಲ. ೨೦೨೩ರಲ್ಲಿ ಬಳಕೆಗೆ ಬಂದ ‘ಹಾಫ್ಸ್’ ಎಂಬ ಹೊಸ ಮಾದರಿಯನ್ನು ತೂಗುವವರು ಮೊದಲು ನೋಡಬೇಕಾದುದು, ಕೊಟ್ಟ ಬಲವನ್ನು ಅದು ಮೊದಲ ಆರು ಗಂಟೆ ಹಿಡಿದಿಡಬಲ್ಲುದೇ ಎಂಬುದನ್ನು.

ಇವೆಲ್ಲಕ್ಕಿಂತ ಆಳವಾದ ಕೊರತೆ ಪ್ರಬಂಧದ ಹೊರಗಿದೆ. ೨೦೨೩ರ ಅಕ್ಟೋಬರ್ ೨೫ರ ನಡುರಾತ್ರಿ ಕಳೆದ ಕೆಲಹೊತ್ತಿಗೆ ‘ಓಟಿಸ್’ ಎಂಬ ಮಾರುತ ಗಂಟೆಗೆ ಸುಮಾರು ೨೬೫ ಕಿಲೋಮೀಟರ್ ವೇಗದ ಗಾಳಿಯೊಡನೆ ಮೆಕ್ಸಿಕೊ ದೇಶದ ಅಕಪುಲ್ಕೊ ಪಟ್ಟಣದ ಮೇಲೆ ಬಿದ್ದಿತು. ಒಂದು ದಿನ ಹಿಂದೆ ಅದು ಸಾಮಾನ್ಯ ಬಿರುಗಾಳಿಯಾಗಿತ್ತು. ಇಷ್ಟು ಉಗ್ರವಾಗುವುದೆಂದು ಯಾವ ಪ್ರಮುಖ ಮಾದರಿಯೂ ಆಗ ಹೇಳಿರಲಿಲ್ಲ. ಹಿಂದಿನ ಮಧ್ಯಾಹ್ನ ಅಮೆರಿಕದ ವಾಯುಸೇನೆಯ ಒಂದು ವಿಮಾನ ಒಳಹೊಕ್ಕಾಗಲೇ ಅದರ ನಿಜಸ್ವರೂಪ ತಿಳಿದುದು. ಆ ವಿಮಾನಗಳ ಬಾಲದಲ್ಲಿ ಡಾಪ್ಲರ್ ರೇಡಾರಿಲ್ಲ. ಅಲ್ಲಿ ಸತ್ತವರು ಐವತ್ತಕ್ಕೂ ಹೆಚ್ಚು ಜನ. ೬೧ ಯಾನಗಳ ಪಟ್ಟಿ ಎಲ್ಲಿಂದ ಬಂದಿತೆಂಬುದನ್ನು ಇಲ್ಲಿ ಯೋಚಿಸಬೇಕು. ಅಮೆರಿಕದ ತೀರಕ್ಕೆ ಭಯವಿದ್ದ, ಕಳುಹಿಸುವುದಕ್ಕೆ ಯೋಗ್ಯವೆಂದು ಮೊದಲೇ ಎಣಿಸಲ್ಪಟ್ಟ ಮಾರುತಗಳಿಗೆ ಹೋದ ಯಾನಗಳವು. ದುರ್ಬಲವೆಂದು ಕಡೆಗಣಿಸಿದ ಮಾರುತ ಪಟ್ಟಿಯಲ್ಲಿ ಬರುವುದೇ ಅಪರೂಪ. ಆಶ್ಚರ್ಯಪಡಿಸುವುದು ಮಾತ್ರ ಅದೇ. ವಾಯವ್ಯ ಪೆಸಿಫಿಕ್ ಸಾಗರದಲ್ಲಿ ಅಮೆರಿಕದವರು ನಡೆಸುತ್ತಿದ್ದ ನಿಯತ ಯಾನಗಳು ೧೯೮೭ರಲ್ಲಿಯೇ ನಿಂತುವು. ನಮ್ಮ ಬಂಗಾಳ ಕೊಲ್ಲಿಯಲ್ಲಿ ಅಂಥ ಪದ್ಧತಿ ನೆಲೆಗೊಳ್ಳಲೇ ಇಲ್ಲ. ಆ ಎಚ್‌ಡಬ್ಲ್ಯುಆರ್‌ಎಫ್ ಮಾದರಿಯನ್ನು ಭಾರತದ ಹವಾಖಾತೆಯವರೂ ಈ ಕಡಲುಗಳಿಗೆ ಅಳವಡಿಸಿಕೊಂಡರು, ಆದರೆ ಒಳಗಿನಿಂದ ಓದಿ ತಂದ ಪಾಠ ಅದಕ್ಕಿಲ್ಲ.

ಪಾಠವನ್ನು ತರುವವರ ಮಾತನ್ನೂ ಹೇಳಬೇಕು, ಪ್ರಬಂಧದಲ್ಲಿ ಅವರು ಅಂಕೆಗಳಾಗಿ ಮಾತ್ರ ಬರುವುದರಿಂದ. ೧೯೫೫ರ ಸೆಪ್ಟೆಂಬರಿನಲ್ಲಿ ಕೆರಿಬಿಯನ್ ಸಮುದ್ರದ ‘ಜಾನೆಟ್’ ಮಾರುತದೊಳಕ್ಕೆ ಹೋದ ನೌಕಾಸೇನೆಯ ವಿಮಾನ ಹನ್ನೊಂದು ಜನರೊಡನೆ ಹಿಂದಿರುಗಲಿಲ್ಲ. ಬಾಲದ ರೇಡಾರನ್ನು ಹೊರುವವುಗಳಲ್ಲಿ ಮುಖ್ಯವಾದುವು ೧೯೭೦ರ ದಶಕದ ಎರಡು ಓರಾಯನ್ ವಿಮಾನಗಳು. ಅವುಗಳಲ್ಲೊಂದು ೧೯೮೯ರ ಸೆಪ್ಟೆಂಬರ್ ೧೫ರಂದು ‘ಹ್ಯೂಗೊ’ ಮಾರುತವನ್ನು ಸುಮಾರು ೪೫೦ ಮೀಟರ್ ಎತ್ತರದಲ್ಲಿ ಹೊಕ್ಕು, ಮೇಘಭಿತ್ತಿಯಲ್ಲಿ ಒಂದು ಎಂಜಿನ್ನನ್ನು ಕಳೆದುಕೊಂಡು, ಸಮುದ್ರದ ಕಡೆಗೆ ಇಳಿದುಹೋಗಿ, ಕಣ್ಣಿನೊಳಗೆ ಸುತ್ತುತ್ತ ಮೇಲೇರಿ ಹೇಗೋ ಪಾರಾಯಿತು. ಅವುಗಳ ಸ್ಥಾನಕ್ಕೆ ಎರಡು ಹೊಸ ಸಿ-೧೩೦ ವಿಮಾನಗಳನ್ನು ಕಟ್ಟಲು ೨೦೨೪ರಲ್ಲಿ ಕರಾರಾಯಿತು. ಇಂಥ ಬೆಲೆ ತೆತ್ತು ತಂದ ವೀಕ್ಷಣೆಗಳನ್ನು ಕುರಿತು ಲೆಕ್ಕ ಒಪ್ಪಿಸುವಾಗ, ಯಾನಕ್ಕೊಂದು ಸಾಲಿನಂತಲ್ಲ, ಮಾರುತಕ್ಕೊಂದು ಸಾಲಿನಂತೆ ಪಟ್ಟಿಯನ್ನು ಬರೆದು, ಪ್ರತಿ ಸಾಲಿನಲ್ಲಿಯೂ ರೇಡಾರಿನೊಡನೆ ಮಾಡಿದ ಮುನ್ಸೂಚನೆಯ ಪಕ್ಕದಲ್ಲಿ ಅದೇ ಮಾದರಿ ರೇಡಾರಿಲ್ಲದೆ ಮಾಡಿದುದನ್ನೂ, ಎರಡೂ ಅಧಿಕಾರಿಯ ಕೈ ಸೇರಿದ ಗಂಟೆಯನ್ನೂ ನಮೂದಿಸಬೇಕೆಂದು ನಾವು ಕೇಳುತ್ತೇವೆ. ಈ ಮೂರು ಕಾಲಮುಗಳುಳ್ಳ ಪಟ್ಟಿ ೨೦೧೧ರ ಪ್ರಬಂಧದಲ್ಲಿ ಇದ್ದಿದ್ದರೆ ಈ ಲೇಖನದ ಅರ್ಧಭಾಗ ಬೇಕಾಗುತ್ತಿರಲಿಲ್ಲ.